ಹತ್ತನಾವಧಿಗೆ ಮುಂಚೆ

ಕರಾವಳಿಯಲ್ಲಿ ಮೇ ಕೊನೆಯ ವಾರ ಅಂದರೆ ಸೌದೆ ಒಳಗೆ ಹಾಕುವ ಗಡಿಬಿಡಿ, ಹಲಸಿನ ಹಪ್ಪಳ ಒಣಗಿತೋ ಇಲ್ಲವೋ ಎಂಬ ಚಿಂತೆ, ಮತ್ತೆ ಯಕ್ಷಗಾನ ಮೇಳಗಳ ಕೊನೆಯ ಆಟಗಳು. ತುಳುವರ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ. ನಮ್ಮ ಕುಂದಾಪುರದ ಕಡೆ ಅದನ್ನೇ ಹತ್ತನಾವಧಿ ಅನ್ನುತ್ತೇವೆ. ಮೇ 24-25ರ ಹೊತ್ತಿಗೆ ಬರುತ್ತದೆ. ಅಷ್ಟರೊಳಗೆ ಮೇಳಗಳು ತಿರುಗಾಟ ಮುಗಿಸಿ ದೇವಸ್ಥಾನಕ್ಕೆ ಮರಳಿ ಗೆಜ್ಜೆ ಬಿಚ್ಚಬೇಕು. ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಹಾಗಾಗಿ ನನ್ನ ಅಪ್ಪಯ್ಯ ವರ್ಷದ ಅರ್ಧ ಮೇಳದವರು, ಇನ್ನರ್ಧ ಮನೆಯವರು.

ಅಪ್ಪಯ್ಯನದು ಸ್ತ್ರೀವೇಷ. ಚಂದ್ರಾವಳಿ, ಅಂಬೆ, ದಮಯಂತಿ. ನಾನು ಹೈಸ್ಕೂಲು ಮುಗಿಸುವ ವರ್ಷ, ಫೆಬ್ರವರಿಯ ಒಂದು ರಾತ್ರಿ, ಅಮ್ಮ ಆಸ್ಪತ್ರೆಯಲ್ಲಿ ತೀರಿಹೋದಳು. ಕಿಡ್ನಿ ಕೈಕೊಟ್ಟು ಬಹಳ ದಿನದಿಂದ ಡಯಾಲಿಸಿಸ್ ಆಗುತ್ತಿತ್ತು. ಚಿಕ್ಕಮ್ಮ ಮೇಳಕ್ಕೆ ಫೋನ್ ಮಾಡಿದಾಗ ಇನ್ನೂ ಹನ್ನೊಂದು ಆಗಿರಲಿಲ್ಲ. ಅಪ್ಪಯ್ಯ ಬಂದದ್ದು ಬೆಳಿಗ್ಗೆ, ಆಟ ಮುಗಿಸಿಕೊಂಡು. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಬಣ್ಣ ಹಾಗೇ ಇತ್ತು. ಅವತ್ತಿನ ಆಟದ ತುಣುಕನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದಾರೆ. ಚಂದ್ರಾವಳಿ ಕೃಷ್ಣನನ್ನು ಗೇಲಿ ಮಾಡಿ ನಗುತ್ತಾಳೆ, ಸಭೆಯೂ ನಗುತ್ತದೆ. ತಾರೀಖು ಕೆಳಗೇ ಇದೆ. ಮರುವರ್ಷ ಇನ್ನೊಂದು ವಿಡಿಯೊ ಕಣ್ಣಿಗೆ ಬಿತ್ತು. ಅದರಲ್ಲಿ ಅವರು ಉಟ್ಟದ್ದು ಅಮ್ಮನ ಹಸಿರು ರೇಷ್ಮೆ ಸೀರೆ, ಕುಂಕುಮ ಬಣ್ಣದ ಅಂಚಿನದ್ದು.

ಅಷ್ಟೊತ್ತಿಗೆ ನಾನು ಮಂಗಳೂರಿನಲ್ಲಿ, ಬಿಜೈಯ ಚಿಕ್ಕಮ್ಮನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಅಪ್ಪಯ್ಯ ದಿನಾ ಸಂಜೆ ನಾಲ್ಕಕ್ಕೆ, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಬಣ್ಣಕ್ಕೆ ಕೂರುವ ಮುಂಚೆ, ಫೋನ್ ಮಾಡುತ್ತಾರೆ. “ಉಂಡ್ಯಾ?” “ಹೂಂ.” “ಓದ್ತಿದ್ಯಾ?” “ಹೂಂ.” ನಮ್ಮ ಸಂಭಾಷಣೆಯ ಪೂರ್ತಿ ಪಠ್ಯ ಇಷ್ಟೇ.

ಇನ್ನು ಅವನು. ಹೆಸರು ಬರೆದರೆ ಈ ಬರಹ ಅವನ ಅಮ್ಮನ ವಾಟ್ಸಾಪಿಗೆ ತಲುಪಲು ಅರ್ಧ ಗಂಟೆ ಸಾಕು, ಆದ್ದರಿಂದ ಅವನು ಎಂದೇ ಇರಲಿ. ಒಂದೇ ಕಾಲೇಜು, ಒಂದೇ ಬಸ್‌ಸ್ಟಾಪು. ಪ್ರೀತಿ ಗೀತಿ ಅಂತ ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಲೈಸೆನ್ಸ್ ಸಿಕ್ಕಿ ಇನ್ನೂ ಬಿಸಿ ಆರಿರಲಿಲ್ಲ, ಮಾವನ ಹಳೇ ಓಮ್ನಿ ಕೈಗೆ ಬಂದಿತ್ತು. “ಮೇಳ ಗೆಜ್ಜೆ ಬಿಚ್ಚುವ ಮುಂಚೆ ಹೋಗಿ ಒಂದು ಆಟ ನೋಡುವಾ” ಅಂದದ್ದು ಅವನು. ಚಿಕ್ಕಮ್ಮ ಒಪ್ಪಿದ್ದು ಅವನ ಅಜ್ಜಿ ಹಿಂದಿನ ಸೀಟಿನಲ್ಲಿ ಕೂತರು ಎಂಬ ಒಂದೇ ಕಾರಣಕ್ಕೆ. ಅಜ್ಜಿಗೆ ಯಕ್ಷಗಾನದ ಹುಚ್ಚು. ಆದರೆ ತೆಂಕುತಿಟ್ಟಿನವರು, ಅಂದರೆ ದಕ್ಷಿಣದ ಶೈಲಿಯವರು. ನಮ್ಮದು ಬಡಗು, ಉತ್ತರದ್ದು. ಬಡಗಿನ ಚೆಂಡೆ ಅವರ ಲೆಕ್ಕದಲ್ಲಿ ಚೆಂಡೆಯೇ ಅಲ್ಲ.

ಬುಧವಾರ

ಓಮ್ನಿಯ ಪಕ್ಕದ ಬಾಗಿಲು ಒದ್ದರೆ ಮಾತ್ರ ಜಾರುತ್ತದೆ. ಅಜ್ಜಿ, ಅವರ ಚಕ್ಕುಲಿ ಡಬ್ಬ, ಬಿಸಿನೀರಿನ ಫ್ಲಾಸ್ಕು, ಮಡಿಸುವ ಕುರ್ಚಿ ಎಲ್ಲ ಒಳಗೆ ಸೇರುವಾಗ ಹೊತ್ತು ಏರಿತ್ತು. ಕೂಳೂರು ಸಂಕ, ಪಣಂಬೂರು, ಸುರತ್ಕಲ್, ಮೂಲ್ಕಿಯಲ್ಲಿ ಶಾಂಭವಿ ಹೊಳೆ. ಹೆದ್ದಾರಿ 66ರ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ. ಎಕ್ಸ್‌ಪ್ರೆಸ್ ಬಸ್ಸುಗಳು ಹಿಂದಿನಿಂದ ಹಾರ್ನ್ ಹಾಕಿದಾಗೆಲ್ಲ ಅವನು ರಸ್ತೆ ಬಿಟ್ಟೇ ಇಳಿಯುತ್ತಿದ್ದ, ಅಜ್ಜಿ “ನಿಧಾನ ಮಗಾ, ದೇವರು ಎಲ್ಲಿಗೂ ಹೋಗುವುದಿಲ್ಲ” ಅನ್ನುತ್ತಿದ್ದರು.

ಕಟಪಾಡಿಯಲ್ಲಿ ಅಜ್ಜಿಯ ತಂಗಿಯ ಮನೆ. ಅಲ್ಲಿ ಅವರನ್ನು ಇಳಿಸಿ, ಸಂಜೆ ನಾವಿಬ್ಬರೇ ಕಾಪು ದೀಪಸ್ತಂಭಕ್ಕೆ ಬಂದೆವು. 1901ರಲ್ಲಿ ಸಮುದ್ರದಂಚಿನ ಬಂಡೆಯ ಮೇಲೆ ಕಟ್ಟಿದ್ದು. ಒಳಗೆ ಸುತ್ತು ಮೆಟ್ಟಿಲು, ಕೊನೆಗೆ ಕಡಿದಾದ ಏಣಿ. ಅರ್ಧ ದಾರಿಯಲ್ಲಿ ಅವನ ಮಾತು ನಿಂತಿತು. ಎತ್ತರದ ಭಯ ಇದೆ ಅಂತ ಕೆಳಗೆ ಹೇಳಿರಲಿಲ್ಲ. ಮೇಲೆ ಗಾಳಿ ಹೇಗಿತ್ತೆಂದರೆ ನನ್ನ ಜಡೆ ಅವನ ಮುಖಕ್ಕೆ ಹೊಡೆಯುತ್ತಿತ್ತು, ಅದನ್ನು ಸರಿಸಲೂ ಅವನು ಸರಳು ಬಿಡಲಿಲ್ಲ. “ಭಯ ಇದ್ದವ ಯಾಕೆ ಹತ್ತಿದ್ದು?” ಅಂತ ಕೇಳಿದೆ. “ನೀನು ಹತ್ತಿದಿಯಲ್ಲ” ಅಂದ, ಕಣ್ಣು ಮುಚ್ಚಿಕೊಂಡೇ. ಹದಿನೆಂಟು ವರ್ಷದ ಹುಡುಗಿಗೆ ಇದಕ್ಕಿಂತ ಹೆಚ್ಚು ಏನು ಬೇಕು ಹೇಳಿ.

ಅವತ್ತು ನಾಲ್ಕಕ್ಕೂ ಫೋನ್ ಬಂದಿತ್ತು. ಹೂಂ, ಹೂಂ. ಉಡುಪಿ ಕಡೆ ಹೊರಟಿದ್ದೇನೆಂದು ಹೇಳಲಿಲ್ಲ.

ಗುರುವಾರ

ಬೆಳಿಗ್ಗೆ ಶಂಕರಪುರದಲ್ಲಿ ಅಜ್ಜಿ ಒಂದು ಚೆಂಡು ಮಲ್ಲಿಗೆ ಕೊಂಡರು. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು. ಮದುವೆ ಸೀಸನ್ನಿನಲ್ಲಂತೂ ಕೇಳಿದರೆ ಎದೆ ಝಲ್ಲೆನ್ನುತ್ತದೆ. “ಯಾರಿಗೆ ಅಜ್ಜಿ?” ಅಂದರೆ “ಚಂದ್ರಾವಳಿಗೆ” ಅಂದುಬಿಟ್ಟರು. ಪೇಪರಿನಲ್ಲಿ ಅವತ್ತಿನ ಆಟಗಳ ಪಟ್ಟಿ ಓದಿಕೊಂಡೇ ಹೊರಟಿದ್ದರು.

ಉಡುಪಿಯಲ್ಲಿ ನವಗ್ರಹ ಕಿಂಡಿಯಿಂದ ಕೃಷ್ಣನ ದರ್ಶನ, ಹೊರಗೆ ಕನಕನ ಕಿಂಡಿಗೆ ಒಂದು ಸುತ್ತು, ರಥಬೀದಿಯಲ್ಲಿ ಗೋಳಿಬಜೆ. ಮಧ್ಯಾಹ್ನದ ಸೆಕೆಗೆ ಗಡ್‌ಬಡ್ ತಿಂದೆವು. ಅದು ಮೊದಲು ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಎಂಬ ಜಗಳವನ್ನು ಅಜ್ಜಿ ಮತ್ತು ಮೊಮ್ಮಗ ಐಸ್‌ಕ್ರೀಮ್ ಕರಗುವ ತನಕ ಆಡಿದರು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆಂದಿದ್ದೆವು. ಆದರೆ ಮಳೆಗಾಲ ಹತ್ತಿರ ಬಂತೆಂದು ದೋಣಿ ನಿಲ್ಲಿಸಿದ್ದರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಯೂ ಬಂದ್. ಆಗಲೇ ಕೆಲವು ಬೋಟುಗಳು ಬಲೆ ಇಳಿಸಿ ಬಂದರಿನಲ್ಲಿ ಸಾಲುಗಟ್ಟಿದ್ದವು. ಸೀವಾಕ್‌ನ ತುದಿಯಲ್ಲಿ ನಿಂತು ದ್ವೀಪವನ್ನು ದೂರದಿಂದಲೇ ನೋಡಿದೆವು. ಅಲ್ಲಿನ ಕಂಬಕಂಬದ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ್ದು ಅಂತ ಅವನು ಹೇಳಿದ, ವಿಜ್ಞಾನದವನಲ್ಲವಾ. ಅಷ್ಟರಲ್ಲಿ ನಾಲ್ಕರ ಫೋನು. ಹೂಂ, ಹೂಂ. ಇಟ್ಟ ಕೂಡಲೇ ಅವನೆಂದ: “ಮಡಗಾಸ್ಕರಿಗೆ ಯಾರೂ ಫೋನ್ ಮಾಡುದಿಲ್ಲ ಮಾರಾಯ್ತಿ. ನಿನಗೆ ದಿನಾ ಬರ್ತದೆ.”

ಸಿಟ್ಟು ಬಂತು, ನಗುವೂ ಬಂತು. ನಕ್ಕದ್ದು ಅವನಿಗೆ ಕಾಣದಿರಲಿ ಅಂತ ಬೋಟುಗಳ ಕಡೆ ತಿರುಗಿದೆ.

ಆಟ ಬಾರ್ಕೂರಿನ ಆಚೆ, ಕೊಯ್ಲಾದ ಗದ್ದೆಯಲ್ಲಿ. ಒಂದು ಮನೆಯವರ ಹರಕೆ ಆಟ. ಆಟ ಇದೆಯೆಂದು ಸಾರುವ ‘ಕೇಳಿ’ಯ ಚೆಂಡೆ ಸದ್ದು ಎರಡು ಬಯಲು ದಾಟಿ ಬರುತ್ತಿತ್ತು. ಅಜ್ಜಿ ಮಡಿಸುವ ಕುರ್ಚಿ ಎದುರಿಗೇ ಹಾಕಿದರು. “ಇದೆಂತ ಚೆಂಡೆ, ಡಬ್ಬಿ ಬಡಿದ ಹಾಗೆ” ಅಂತ ಶುರು. “ನಾನು ತೆಂಕಿನ ಶೇಣಿಯವರ ಅರ್ಥ, ಆ ಮಾತುಗಾರಿಕೆ ಕೇಳಿದವಳು, ನನ್ನ ಹತ್ತಿರ ಯಾರೂ ಮಾತಾಡಬೇಡಿ.” ಯಾರೂ ಮಾತಾಡಿರಲಿಲ್ಲ.

ನಾನು ಹಿಂದೆ, ಜನರೇಟರಿನ ಪಕ್ಕ, ಚುರುಮುರಿ ಗಾಡಿಯ ಮರೆಯಲ್ಲಿ ನಿಂತೆ. ಚಂದ್ರಾವಳಿ ಬಂದಳು. ಅದೇ ಹಸಿರು ಸೀರೆ. ಅಪ್ಪಯ್ಯನಿಗೆ ಐವತ್ತರ ಹತ್ತಿರ. ಮನೆಯಲ್ಲಿ ಏಳುವಾಗ ಮೊಣಕಾಲು ಹಿಡಿದೇ ಏಳುತ್ತಾರೆ. ರಂಗದಲ್ಲಿ ಆ ಮೊಣಕಾಲು ಯಾರದ್ದೋ. ಕೃಷ್ಣ ಅಡ್ಡಗಟ್ಟಿದಾಗ ಸೊಂಟದ ಮೇಲೆ ಕೈಯಿಟ್ಟು, ಹುಬ್ಬು ಒಂದೇ ಎತ್ತಿ ಉತ್ತರ ಕೊಡುವ ರೀತಿ ಇದೆಯಲ್ಲ, ಅದು ಅಮ್ಮನದು. ಸಾಲದ ಅಂಗಡಿಯವನಿಗೆ ಅಮ್ಮ ಹಾಗೇ ನಿಂತು ಉತ್ತರ ಕೊಡುತ್ತಿದ್ದಳು. ವಿಡಿಯೊದಲ್ಲಿ ಎಷ್ಟು ಸಲ ನೋಡಿದರೂ ಅದು ಗೊತ್ತಾಗಿರಲಿಲ್ಲ. ಎಲ್ಲರೂ ನಗುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಕಲಸಿತು.

ಆಮೇಲೆ ಗುಡುಗು. ಮಳೆ ಹನಿಯಲು ತೊಡಗಿ ಜನರೇಟರ್ ನಿಂತು ಗದ್ದೆಯೆಲ್ಲ ಕತ್ತಲು. ಕುರ್ಚಿಗಳನ್ನು ತಲೆ ಮೇಲೆ ಹೊತ್ತು ಜನ ಓಡಿದರು. ಆ ಕತ್ತಲಲ್ಲಿ ಅವನು ನನ್ನ ಕೈ ಹಿಡಿದ. ದೀಪ ಬಂದಾಗ ಬಿಟ್ಟ. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಅಷ್ಟರಲ್ಲಿ ಅಜ್ಜಿ ಚೌಕಿಗೆ ಹೋಗಿ ಮಲ್ಲಿಗೆ ಕೊಟ್ಟು ಬಂದಾಗಿತ್ತು. “ನಿನ್ನ ಅಪ್ಪ ಕಣ್ಣಿಗೆ ಒತ್ತಿಕೊಂಡರು. ನಾನು ಯಾರು ಅಂತ ಹೇಳಲಿಲ್ಲ” ಎಂದು ಹೇಳಿ, ಸ್ವಲ್ಪ ತಡೆದು, “ವೇಷ ಒಳ್ಳೆದುಂಟು. ಬಡಗಾದರೂ” ಅಂದರು.

ಶುಕ್ರವಾರ

ನಿದ್ದೆ. ಎದ್ದಾಗ ಮೂರು ಗಂಟೆ. ಸಂಜೆ ಕೋಡಿಬೆಂಗ್ರೆ, ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಒಂದು ರಸ್ತೆ ಅಗಲದ ಊರು. ಅಲ್ಲಿ ನಾವಿಬ್ಬರೂ ಜಗಳಾಡಿದೆವು. ಅಪ್ಪಯ್ಯ ಯಾಕೆ ಬರಲಿಲ್ಲ ಎಂಬುದಕ್ಕೆ ನನ್ನ ಬಳಿ ಮೂರ್ನಾಲ್ಕು ಕಥೆ ಇದ್ದವು. ಫೋನ್ ವಿಷಯ ಅವರಿಗೆ ಯಾರೂ ಹೇಳಲೇ ಇಲ್ಲ. ಮೇಳದವರು ಬಿಡಲಿಲ್ಲ. ಅಥವಾ ಅವರಿಗೆ ಅಮ್ಮನಿಗಿಂತ ಆಟವೇ ದೊಡ್ಡದು. ಒಂದೊಂದನ್ನೂ ಅವನಿಗೆ ಹೇಳಿ ಆಯಿತು. “ಎಲ್ಲ ನೀನೇ ಹೇಳ್ತಿ. ಅವರ ಹತ್ರ ಕೇಳಿದ್ದೀಯಾ?” ಅಂದ. ನಾನು ಓಮ್ನಿಗೆ ಹೋಗಿ ಕೂತೆ. ಬಾಗಿಲು ಹಾಕಿ ರೋಷ ತೋರಿಸುವ ಅಂದರೆ ಅದು ಒದೆಯದೆ ಮುಚ್ಚುವುದೂ ಇಲ್ಲ.

ಶನಿವಾರ

ಆಟ ಮರವಂತೆಯ ಒಳಗೆ ಒಂದು ಊರಿನಲ್ಲಿ, ಪ್ರಸಂಗ ಭೀಷ್ಮ ವಿಜಯ. ಅಪ್ಪಯ್ಯನದು ಅಂಬೆ. ಬಬ್ರುವಾಹನ ಕಾಳಗ ಆಗಿದ್ದರೆ ಅಪ್ಪ-ಮಗುವಿನ ಕಥೆಗೆ ಒಪ್ಪುತ್ತಿತ್ತು. ಆದರೆ ಹರಕೆಯವರು ನನ್ನನ್ನು ಕೇಳಿ ಪ್ರಸಂಗ ಇಡುವುದಿಲ್ಲ.

ನಾಲ್ಕಕ್ಕೆ ಫೋನ್ ಬಂತು. “ಉಂಡ್ಯಾ?”

“ಇಲ್ಲ” ಅಂದೆ. “ನಿಮ್ಮ ಚೌಕಿಯ ಹೊರಗಿದ್ದೇನೆ.”

ಆಚೆ ಕಡೆ ಸದ್ದಿಲ್ಲ. ಮತ್ತೆ, “ಚಪ್ಲಿ ಹೊರಗೆ ಬಿಟ್ಟು ಬಾ” ಅಂದರು.

ಚೌಕಿ ಅಂದರೆ ತೆಂಗಿನ ಗರಿ, ತಗಡು, ಟಾರ್ಪಾಲು. ಒಂದು ತುದಿಯಲ್ಲಿ ದೇವರ ಪೆಟ್ಟಿಗೆ, ದೀಪ. ಎರಡೂ ಬದಿ ವೇಷಧಾರಿಗಳು ಅವರವರ ಸ್ಥಾನದಲ್ಲಿ ಚಾಪೆ ಹಾಕಿ ಕೂತಿದ್ದರು. ಯಾರೋ ಗೊರಕೆ, ಯಾರೋ ಮೊಬೈಲು. ನಮ್ಮಲ್ಲಿ ಸ್ತ್ರೀವೇಷದವರು ಸೀರೆ, ಬಳೆ, ಜಡೆ ಎಲ್ಲ ತಾವೇ ಮಾಡಿಕೊಳ್ಳುತ್ತಾರೆ. ಅಪ್ಪಯ್ಯನ ಟ್ರಂಕು ನನಗೆ ಗೊತ್ತಿದ್ದದ್ದೇ, ಮುಚ್ಚಳದ ಒಳಗೆ ನಾನು ಒಂದನೇ ಕ್ಲಾಸಿನಲ್ಲಿ ಅಂಟಿಸಿದ ಸ್ಟಿಕ್ಕರ್ ಇನ್ನೂ ಇತ್ತು. ಅವರು ಚಾಪೆಯ ಅರ್ಧ ಬಿಟ್ಟು ಸರಿದು ಕೂತರು. “ಮೊನ್ನೆ ಬಾರ್ಕೂರಂಗೆ ಜನರೇಟ್ರಿನ ಹತ್ರ ಇದ್ದದ್ದ್ ನೀನೇ ಅಲ್ದಾ? ರಂಗದಿಂದ ಕಂಡೆ.”

“ಮತ್ತೆ ಕರೀಲಿಲ್ಲ?”

“ಬತ್ತೆ ಅಂದೇಳಿ ಕಾದೆ.”

ಮಾತು ಅಲ್ಲಿಗೇ ನಿಂತಿತು. ಚೌಕಿ ಪೂಜೆ ಆಯಿತು. ಪ್ರಸಾದ ಬಂತು. ಹತ್ತು ಗಂಟೆಗೆ ಅವರು ತೆಂಗಿನೆಣ್ಣೆ ಸವರಿ ಮುಖಕ್ಕೆ ಬಣ್ಣ ಹಚ್ಚಲು ಕೂತರು. ಆಮೇಲೆ ಸೀರೆ. ದಿನಾ ಸೆರಗಿಗೆ ಪಿನ್ನು ಹಾಕಿಕೊಡುವ ಹುಡುಗ ಜ್ವರವೆಂದು ಮನೆಗೆ ಹೋಗಿದ್ದ. ಅಪ್ಪಯ್ಯ ನನ್ನ ಮುಖ ನೋಡಿದರು, ಕೇಳಲಿಲ್ಲ. ನಾನು ಪಿನ್ನು ತೆಗೆದುಕೊಂಡೆ.

ಹತ್ತಿರದಿಂದ ನೋಡಿದರೆ ಆ ಹಸಿರು ಸೀರೆಯ ಹೆಗಲ ಭಾಗದಲ್ಲಿ ಪಿನ್ನಿನ ತೂತುಗಳ ಎರಡು ಗುಂಪು. ಒಂದು ಕಡೆ ಹತ್ತಾರು ತೂತು, ಸುತ್ತ ತುಕ್ಕಿನ ಕಲೆ, ಒಂದೆರಡು ಕಡೆ ಎಳೆಯೇ ಹರಿದಿತ್ತು. ಅದರಿಂದ ನಾಲ್ಕು ಬೆರಳು ಈಚೆ ಬೇರೆ ಮೂರೋ ನಾಲ್ಕೋ ಸಣ್ಣ ತೂತು. ಅಮ್ಮ ಅಪ್ಪಯ್ಯನಿಗಿಂತ ಗಿಡ್ಡ.

“ಇದು ಅಮ್ಮನ ಸೀರೆ” ಅಂದೆ.

“ಅಲ್ಲ, ನಂದ್” ಅಂದರು. “ದಮಯಂತಿಗೆ ಅಂದೇಳಿ ಉಡ್ಪಿಯಂಗೆ ತಕಂಡದ್ದ್. ನಿನ್ನ ಚಿಕ್ಕಮ್ಮನ ಮದಿಗೆ ಒಂದ್ಸಲ ಉಡ್ತೆ ಅಂದ್ಳ್. ಮತ್ತೆ ವಾಪಸ್ ಕೊಡ್ಲೇ ಇಲ್ಲೆ.”

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು. ಏರಿತು. ಅಷ್ಟು ವರ್ಷ ಹಿಡಿದುಕೊಂಡಿದ್ದ ಒಂದು ದೂರು ಹೀಗೆ ಕೈಯಿಂದ ಕಿತ್ತುಹೋದರೆ ಯಾರಿಗೆ ಖುಷಿಯಾಗುತ್ತದೆ? ಆ ಕೋಪದಲ್ಲೇ ಇನ್ನೊಂದನ್ನು ಕೇಳಿದೆ. ಅವತ್ತು ರಾತ್ರಿ ಫೋನ್ ಬಂದದ್ದು ಗೊತ್ತಿತ್ತಾ?

“ಗೊತ್ತಿತ್ತ್.”

“ಯಾವಾಗ?”

“ಬಣ್ಣ ಹಾಕಿ ಆಯಿತ್ತ್. ಸೀರಿ ಉಡುದ್ ಬಾಕಿ.”

“ಮೇಳದವರು ಬಿಡಲಿಲ್ಲವಾ?”

“ಹೋಗ್ ಅಂದ್ರ್. ವೇಷ ಮಾಡೂಕೆ ಬೇರೆಯವ್ರೂ ಇದ್ರ್. ನಾನೇ ಹೋಯ್ಲಿಲ್ಲೆ.” ಕನ್ನಡಿಯಲ್ಲಿ ಅರ್ಧ ಅಂಬೆ ಆಗಿದ್ದ ಮುಖ. ನನ್ನ ಕಡೆ ತಿರುಗಲಿಲ್ಲ. “ಬಣ್ಣ ತೆಗೆದ್ರೆ ಹೊರಡ್ಕ್ ಅಲ್ದಾ. ಹೆದ್ರಿಕೆ ಆಯ್ತ್ ಮಗಾ. ಅದ್ಕೇ ತೆಗೀಲಿಲ್ಲೆ.”

ಅಮ್ಮನೇ ಆಟ ಬಿಡಬೇಡಿ ಅಂದಿದ್ದಳು ಅನ್ನಬಹುದಿತ್ತು. ಕಲೆ, ಸೇವೆ, ದೇವರ ಹರಕೆ ಅನ್ನಬಹುದಿತ್ತು. ರಾತ್ರಿಯಿಡೀ ಅರ್ಥ ಹೇಳಿ ಜನರನ್ನು ಒಪ್ಪಿಸುವ ಮನುಷ್ಯನಿಗೆ ಮಗಳಿಗೊಂದು ಸಬೂಬು ಹೊಂದಿಸುವುದು ಯಾವ ಲೆಕ್ಕ? ಯಾವುದನ್ನೂ ಹೇಳಲಿಲ್ಲ. ನನ್ನ ಕೈಯಲ್ಲಿ ಪಿನ್ನು ಇತ್ತು. ಅವರ ತೂತುಗಳು ಹರಿದಿದ್ದರಿಂದ ಅಲ್ಲಿ ನಿಲ್ಲುತ್ತಿರಲಿಲ್ಲ. ಸೆರಗಿನ ನಿರಿಗೆ ಸ್ವಲ್ಪ ಎಳೆದು ಅಮ್ಮ ಹಾಕುತ್ತಿದ್ದ ಜಾಗದಲ್ಲೇ ಹಾಕಿದೆ. ಸೆರಗು ನಾಲ್ಕು ಬೆರಳು ಮೇಲೆ ಹೋಯಿತು. “ಗಿಡ್ಡ ಆಯ್ತ್” ಅಂದರು. “ಇರಲಿ” ಅಂದೆ.

ಹೊರಗೆ ಅವನು ಎರಡು ಲೋಟ ಚಾ ಹಿಡಿದು ನಿಂತಿದ್ದ. ನಾನು ಅತ್ತೆ, ಸಾಕಷ್ಟು ಹೊತ್ತು, ಚೆನ್ನಾಗಿ. ಅವನು ಒಂದೂ ಒಳ್ಳೆಯ ಮಾತು ಹೇಳಲಿಲ್ಲ. ಎರಡೂ ಚಾ ತಣಿದ ಮೇಲೆ ಎರಡನ್ನೂ ಅವನೇ ಕುಡಿದು ಮತ್ತೆ ಎರಡು ತಂದ. ಆಮೇಲೆ ಅಜ್ಜಿಯ ಪಕ್ಕ ಎದುರಿಗೇ ಕೂತು ಬೆಳಗಿನ ತನಕ ಆಟ ನೋಡಿದೆ. ಸಾಲ್ವನೂ ಬೇಡವೆಂದು, ಭೀಷ್ಮನೂ ಬೇಡವೆಂದು ಅಂಬೆ ರಂಗದ ನಡುವೆ ನಿಂತಾಗ ಅಜ್ಜಿ ತಿಟ್ಟು ಮರೆತು ಮೂಗು ಒರೆಸಿಕೊಂಡರು.

ಮಂಗಳ ಹಾಡುವಾಗ ಬೆಳಕು ಹರಿದಿತ್ತು. ಅಪ್ಪಯ್ಯ ಬಣ್ಣ ತೆಗೆಯುವಷ್ಟರಲ್ಲಿ ನಾವು ಮರವಂತೆಗೆ ಹೋಗಿ ಬಂದೆವು. ರಸ್ತೆಯ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕೆ. ಪ್ರವಾಸದ ಫೋಟೊಗಳಲ್ಲಿ ಎಲ್ಲರೂ ನೋಡಿದ್ದೇ. ಫೋಟೊದಲ್ಲಿ ಬಾರದ್ದು ಒಣಮೀನಿನ ವಾಸನೆ ಮತ್ತು ಲಾರಿಗಳ ಆರ್ಭಟ. ಅಜ್ಜಿ ವ್ಯಾನಿನಲ್ಲಿ ಬಾಯಿ ತೆರೆದು ಮಲಗಿದ್ದರು. ಈ ಸಲ ಕೈ ಹಿಡಿದದ್ದು ನಾನು. ಲಾರಿಯವನೊಬ್ಬ ಹಾರ್ನ್ ಹಾಕಿಕೊಂಡು ಹೋದ. ಬಿಡಲಿಲ್ಲ.

ಭಾನುವಾರ

ಕೊನೆಯ ಸೇವೆ ಆಟ ದೇವಸ್ಥಾನದ ಎದುರೇ. ಮುಗಿದ ಮೇಲೆ ದೇವರ ಎದುರು ಗೆಜ್ಜೆ ಬಿಚ್ಚಿದರು. ನಾನಂದುಕೊಂಡಷ್ಟು ದುಃಖದ ಕೆಲಸವಲ್ಲ ಅದು. ಅರ್ಧ ಜನಕ್ಕೆ ನಿದ್ದೆ, ಇನ್ನರ್ಧ ಜನಕ್ಕೆ ಸಂಬಳದ ಲೆಕ್ಕ, ಒಬ್ಬರಿಗೆ ಮನೆಯ ಹಂಚು ಸೋರುವ ಚಿಂತೆ.

ಅಪ್ಪಯ್ಯ ಟ್ರಂಕನ್ನು ಬೈಕಿನ ಹಿಂದೆ ಕಟ್ಟಲು ಹೊರಟರು. ಅಜ್ಜಿ ಅಡ್ಡ ನಿಂತರು. 1990ರಲ್ಲಿ ಕಾಳಿಂಗ ನಾವಡರಂಥ ಭಾಗವತರನ್ನು ರಸ್ತೆ ಅಪಘಾತ ಕಿತ್ತುಕೊಂಡ ಮೇಲೂ ಈ ಮೇಳದವರಿಗೆ ಬುದ್ಧಿ ಬಂದಿಲ್ಲ, ರಾತ್ರಿಯಿಡೀ ಕುಣಿದು ಬೆಳಗಾತ ತೂಕಡಿಸಿಕೊಂಡು ಬೈಕು ಹತ್ತುತ್ತಾರೆ ಅಂತ ಎಲ್ಲರಿಗೂ ಕೇಳುವಂತೆ ಬೈದರು. ಬಡಗಿನ ಭಾಗವತರ ಹೆಸರು ಅಜ್ಜಿಯ ಬಾಯಲ್ಲಿ ಬಂದದ್ದು ಅದೇ ಮೊದಲು. ಬೈಕು ದೇವಸ್ಥಾನದಲ್ಲೇ ಉಳಿಯಿತು, ಟ್ರಂಕು ಓಮ್ನಿಯ ಹಿಂದೆ ಹೋಯಿತು, ಅಪ್ಪಯ್ಯ ಮುಂದಿನ ಸೀಟಿಗೆ ಬಂದರು.

ಅವನ ಕೈ ನಡುಗುತ್ತಿದ್ದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ದೀಪಸ್ತಂಭದ ಮೇಲೂ ಅಷ್ಟು ನಡುಗಿರಲಿಲ್ಲ. ಅಪ್ಪಯ್ಯ ಅವನ ಊರು, ಅಪ್ಪ, ಓದು ಎಲ್ಲ ಒಂದೊಂದಾಗಿ ಕೇಳಿದರು. ಅವನು ಎಲ್ಲದಕ್ಕೂ “ಹೂಂ” ಅನ್ನುತ್ತಿದ್ದ. ನನಗೆ ನಗು ತಡೆಯಲಿಲ್ಲ. ಹೆಮ್ಮಾಡಿ ದಾಟಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು, “ಮಳೆಗಾಲದಲ್ಲಿ ಒಮ್ಮೆ ಮನೆಗೆ ಬರಬಹುದಾ?” ಅಂತ ಕೇಳಿದ, ರಸ್ತೆಯನ್ನೇ ನೋಡುತ್ತಾ.

ಅಪ್ಪಯ್ಯ ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದರು, ಒಂದೇ ಹುಬ್ಬು ಎತ್ತಿ.

“ಬಾ” ಅಂದರು ಅವನಿಗೆ. “ಈಗ ಮೊದ್ಲ್ ಆ ಹ್ಯಾಂಡ್‌ಬ್ರೇಕ್ ಇಳ್ಸ್.”